ಬೆಳೆಯುವ ನಾಯಿಮರಿಯ ಊಟದ ಹೊತ್ತುಗಳನ್ನು ಬದಲಿಸುವ ಕ್ರಮ

ಎಂಟು ವಾರದ ನಾಯಿಮರಿಗೆ ದಿನಕ್ಕೆ ನಾಲ್ಕು ಹೊತ್ತು ಊಟ ಬೇಕು, ಬೆಳೆದ ನಾಯಿಗೆ ಎರಡು ಹೊತ್ತು ಸಾಕು ಎಂಬುದು ನಾಯಿ ಸಾಕುವ ಬಹುತೇಕರಿಗೆ ಗೊತ್ತಿರುವ ಸಂಗತಿ. ನಾಲ್ಕರಿಂದ ಎರಡಕ್ಕೆ ಇಳಿಯುವ ದಾರಿ ಮಾತ್ರ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಇಲ್ಲಿ ಗೊಂದಲ ಹುಟ್ಟುವುದಕ್ಕೆ ಮುಖ್ಯ ಕಾರಣವೆಂದರೆ, ಎರಡು ಪ್ರತ್ಯೇಕ ನಿರ್ಧಾರಗಳನ್ನು ನಾವು ಒಂದೇ ಎಂದು ಎಣಿಸುವುದು. ದಿನಕ್ಕೆ ಎಷ್ಟು ಹೊತ್ತು ಬಡಿಸಬೇಕು ಎಂಬುದು ಮರಿಯ ಹೊಟ್ಟೆಯ ಗಾತ್ರಕ್ಕೂ ಅದು ಹಸಿವು ತಡೆಯಬಲ್ಲ ಅವಧಿಗೂ ಸಂಬಂಧಿಸಿದ್ದು. ದಿನಕ್ಕೆ ಒಟ್ಟು ಎಷ್ಟು ಗ್ರಾಂ ಬಡಿಸಬೇಕು ಎಂಬುದು ಅದರ ತೂಕಕ್ಕೂ ಬೆಳವಣಿಗೆಯ ವೇಗಕ್ಕೂ ಸಂಬಂಧಿಸಿದ್ದು. ಒಂದು ಹೊತ್ತಿನ ಊಟ ನಿಲ್ಲಿಸಿದಾಗ ಆ ಹೊತ್ತಿನ ಆಹಾರವೂ ಲೆಕ್ಕದಿಂದ ಬಿಟ್ಟುಹೋದರೆ ಮರಿ ಸೊರಗುತ್ತದೆ. ಹೊತ್ತು ಹಾಗೆಯೇ ಇರಲಿ ಎಂದು ತೂಕ ಏರಿದಂತೆಲ್ಲ ಬಟ್ಟಲು ತುಂಬುತ್ತ ಹೋದರೆ ಅದು ಅಗತ್ಯಕ್ಕಿಂತ ಬೇಗ ದಪ್ಪವಾಗುತ್ತದೆ. ಆದ್ದರಿಂದ ಈ ಎರಡನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕಾರಣಕ್ಕೆ ಬದಲಿಸಬೇಕೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ಬಂದ ವಾರ ಏನನ್ನೂ ಬದಲಿಸಬೇಡಿ

ಮರಿಗಳು ಸಾಮಾನ್ಯವಾಗಿ ಮೂರು ನಾಲ್ಕು ವಾರಕ್ಕೆ ಮೆತ್ತನೆಯ ಆಹಾರ ನೆಕ್ಕಲು ಶುರು ಮಾಡಿ, ಆರರಿಂದ ಎಂಟು ವಾರದೊಳಗೆ ತಾಯಿಯ ಹಾಲು ಬಿಡುತ್ತವೆ. ಹೊಸ ಮನೆಗೆ ಬರುವುದೂ ಹೆಚ್ಚುಕಡಿಮೆ ಇದೇ ಹೊತ್ತಿಗೆ. ತಾಯಿ, ಒಡಹುಟ್ಟಿದ ಮರಿಗಳು, ಮಲಗುವ ಜಾಗ ಎಲ್ಲವೂ ಒಂದೇ ದಿನ ಬದಲಾಗಿರುವಾಗ ಊಟವೂ ಬದಲಾದರೆ ಭೇದಿ ಶುರುವಾಗುವ ಸಾಧ್ಯತೆ ಹೆಚ್ಚು. ಹಳೆಯ ಮನೆಯಲ್ಲಿ ಯಾವ ಆಹಾರವನ್ನು, ಯಾವ ಹೊತ್ತಿಗೆ, ಎಷ್ಟು ಕೊಡುತ್ತಿದ್ದರು ಎಂದು ಕೇಳಿ ಬರೆದುಕೊಂಡು, ಕನಿಷ್ಠ ಒಂದು ವಾರ ಅದನ್ನೇ ಮುಂದುವರಿಸಿ. ಆ ಆಹಾರ ನಿಮಗೆ ಒಪ್ಪಿಗೆಯಾಗದಿದ್ದರೂ ಅಷ್ಟು ದಿನ ತಡೆದುಕೊಳ್ಳಿ.

ಎರಡನೆಯ ಹೆಜ್ಜೆ: ದಿನದ ಒಟ್ಟು ಪ್ರಮಾಣವನ್ನು ಗ್ರಾಂನಲ್ಲಿ ಕಂಡುಕೊಳ್ಳಿ

ಆಹಾರದ ಪೊಟ್ಟಣದ ಹಿಂಬದಿಯಲ್ಲಿ ಒಂದು ಕೋಷ್ಟಕ ಇರುತ್ತದೆ. ಅದನ್ನು ಓದುವಾಗ ಎರಡು ಕಡೆ ಎಡವುವವರು ಬಹಳ. ಮೊದಲನೆಯದಾಗಿ, ಅಲ್ಲಿರುವ ಪ್ರಮಾಣ ಇಡೀ ದಿನದ್ದು, ಒಂದು ಹೊತ್ತಿನದಲ್ಲ. ಎರಡನೆಯದಾಗಿ, ಕೆಲವು ಕೋಷ್ಟಕಗಳು ಮರಿಯ ಇಂದಿನ ತೂಕವನ್ನು ಕೇಳಿದರೆ, ಇನ್ನು ಕೆಲವು ಅದು ಬೆಳೆದು ನಿಂತಾಗ ಆಗುವ ತೂಕವನ್ನು ಕೇಳುತ್ತವೆ. ತಲೆಬರಹವನ್ನು ಗಮನಿಸದೆ ಅಂಕಿ ಮಾತ್ರ ನೋಡಿದರೆ ಪ್ರಮಾಣ ಪೂರ್ತಿ ತಪ್ಪಿಹೋಗುತ್ತದೆ.

ಕೋಷ್ಟಕವನ್ನು ತಾಳೆ ನೋಡಲು ಪಶುವೈದ್ಯರು ಬಳಸುವ ಒಂದು ಲೆಕ್ಕವಿದೆ. ಕಿಲೋ ಲೆಕ್ಕದಲ್ಲಿ ಮರಿಯ ತೂಕದ 0.75 ಘಾತವನ್ನು 70ರಿಂದ ಗುಣಿಸಿದರೆ, ಅದು ಸುಮ್ಮನೆ ಮಲಗಿದ್ದರೂ ಬೇಕಾಗುವ ಕಿಲೋಕ್ಯಾಲೊರಿ ಸಿಗುತ್ತದೆ. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಸುಮಾರು ಮೂರು ಪಟ್ಟು, ನಾಲ್ಕು ತಿಂಗಳು ದಾಟಿದ ಮೇಲೆ ಸುಮಾರು ಎರಡು ಪಟ್ಟು ಬೇಕು. ಘಾತದ ಹೆಸರು ಕೇಳಿ ಹೆದರಬೇಕಿಲ್ಲ. ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ತೂಕವನ್ನು ಅದರಿಂದಲೇ ಎರಡು ಬಾರಿ ಗುಣಿಸಿ ಘನವನ್ನು ತೆಗೆದು, ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿದರೆ ಉತ್ತರ ಬರುತ್ತದೆ.

ಮೂರು ತಿಂಗಳ, 4 ಕಿಲೋ ತೂಕದ ಒಂದು ಮರಿಯನ್ನು ತೆಗೆದುಕೊಳ್ಳೋಣ. 4ರ ಘನ 64, ಅದರ ವರ್ಗಮೂಲ 8, ಮತ್ತೊಮ್ಮೆ ವರ್ಗಮೂಲ 2.83. ಇದನ್ನು 70ರಿಂದ ಗುಣಿಸಿದರೆ 198, ಅದರ ಮೂರು ಪಟ್ಟು ಸುಮಾರು 594 ಕಿಲೋಕ್ಯಾಲೊರಿ. ಪೊಟ್ಟಣದ ಮೇಲೆ 100 ಗ್ರಾಂಗೆ 380 ಕಿಲೋಕ್ಯಾಲೊರಿ ಎಂದಿದ್ದರೆ ದಿನಕ್ಕೆ ಸುಮಾರು 156 ಗ್ರಾಂ ಆಯಿತು. ಅದೇ ಮರಿ ಐದು ತಿಂಗಳಿಗೆ 8 ಕಿಲೋ ಆದಾಗ ಇದೇ ಲೆಕ್ಕ ಹಾಕಿದರೆ ಸಿಗುವುದು 666 ಕಿಲೋಕ್ಯಾಲೊರಿ, ಅಂದರೆ ಸುಮಾರು 175 ಗ್ರಾಂ. ತೂಕ ಎರಡರಷ್ಟಾಗಿದ್ದರೂ ಊಟ ಹೆಚ್ಚಿದ್ದು ಇಪ್ಪತ್ತು ಗ್ರಾಂ ಕೂಡ ಇಲ್ಲ. ಈ ಒಂದು ಅಂಶ ತಿಳಿದಿದ್ದರೆ, ದೊಡ್ಡದಾಯಿತಲ್ಲ ಎಂದು ಪ್ರತಿ ವಾರ ಒಂದೊಂದು ಹಿಡಿ ಹೆಚ್ಚು ಹಾಕುವ ಅಭ್ಯಾಸದಿಂದ ಎಷ್ಟೋ ಮರಿಗಳು ಪಾರಾಗುತ್ತವೆ. ಮರಿಯ ದೇಹವೇನೂ ನಾಲ್ಕು ತಿಂಗಳು ತುಂಬಿದ ದಿನ ಮೂರು ಪಟ್ಟಿನಿಂದ ಎರಡು ಪಟ್ಟಿಗೆ ಹಾರುವುದಿಲ್ಲ. ಇಳಿಕೆ ನಿಧಾನವಾಗಿ ಆಗುತ್ತದೆ, ನಾವೂ ನಿಧಾನವಾಗಿಯೇ ಇಳಿಸಬೇಕು. ಲೆಕ್ಕ ತೋರಿಸಿದ್ದಕ್ಕಿಂತ ಕಾಲುಭಾಗ ಹೆಚ್ಚೋ ಕಡಿಮೆಯೋ ಬೇಕಾಗುವ ಮರಿಗಳೂ ಇರುವುದರಿಂದ ಇದನ್ನು ಆರಂಭದ ಅಂದಾಜು ಎಂದಷ್ಟೇ ತಿಳಿಯಬೇಕು.

ಆಹಾರವನ್ನು ಲೋಟದಲ್ಲಿ ಅಳೆಯುವ ಬದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಒಂದೇ ಲೋಟವನ್ನು ಮನೆಯ ಇಬ್ಬರು ತುಂಬಿದರೆ ಎರಡು ಬೇರೆ ತೂಕ ಬರುತ್ತದೆ, ಕಾಳಿನ ಗಾತ್ರ ಬದಲಾದರಂತೂ ಹೇಳುವುದೇ ಬೇಡ. ಇದಕ್ಕಿಂತಲೂ ಉಪಯುಕ್ತವಾದ ಕ್ರಮವೊಂದಿದೆ. ಬೆಳಿಗ್ಗೆಯೇ ದಿನದ ಪೂರ್ತಿ ಆಹಾರವನ್ನು ತೂಗಿ ಮುಚ್ಚಳವಿರುವ ಒಂದು ಡಬ್ಬಿಗೆ ಹಾಕಿಡಿ. ಎಲ್ಲ ಹೊತ್ತಿನ ಊಟವೂ, ಕುಳಿತುಕೋ ಬಾ ಎಂದು ಕಲಿಸುವಾಗ ಬಹುಮಾನವಾಗಿ ಕೊಡುವ ಕಾಳುಗಳೂ ಆ ಡಬ್ಬಿಯಿಂದಲೇ ಹೋಗಲಿ. ಡಬ್ಬಿ ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಮಕ್ಕಳು ಹಾಕಿದರೋ, ಹಿರಿಯರು ಹಾಕಿದರೋ, ಯಾರೂ ಹಾಕಲಿಲ್ಲವೋ ಎಂಬ ಚರ್ಚೆಗೂ ಇದರಿಂದ ತೆರೆ ಬೀಳುತ್ತದೆ. ಬೇರೆ ತಿಂಡಿ ಕೊಡುವುದಿದ್ದರೆ ಅದು ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗವನ್ನು ಮೀರಬಾರದು, ಮತ್ತು ಅಷ್ಟನ್ನು ಡಬ್ಬಿಯಿಂದ ಕಳೆಯಬೇಕು.

ಮೂರನೆಯ ಹೆಜ್ಜೆ: ನಾಲ್ಕು ಹೊತ್ತನ್ನು ಮೂರಕ್ಕೆ ಇಳಿಸುವುದು

ಎಂಟರಿಂದ ಹನ್ನೆರಡು ವಾರದವರೆಗೆ ನಾಲ್ಕು ಹೊತ್ತು, ಅಲ್ಲಿಂದ ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು ಎಂಬುದು ಸಾಮಾನ್ಯ ಕ್ರಮ. ಆದರೆ ವಯಸ್ಸು ತುಂಬಿತು ಎಂಬುದೊಂದೇ ಹೊತ್ತು ಬಿಡಿಸಲು ಕಾರಣವಾಗಬಾರದು. ಮರಿ ಮಧ್ಯದ ಒಂದು ಊಟವನ್ನು ನಾಲ್ಕೈದು ದಿನ ಸತತವಾಗಿ ಅರ್ಧಕ್ಕೆ ಬಿಟ್ಟು ಹೋಗುತ್ತಿದೆ, ಉಳಿದ ಹೊತ್ತುಗಳಲ್ಲಿ ಚೆನ್ನಾಗಿ ತಿನ್ನುತ್ತಿದೆ, ಮಲ ಗಟ್ಟಿಯಾಗಿದೆ, ತೂಕ ಏರುತ್ತಿದೆ ಎಂದಾದರೆ ಅದು ಸಿದ್ಧವಾಗಿದೆ ಎಂದರ್ಥ. ಲಸಿಕೆ ಹಾಕಿಸಿದ ದಿನಗಳಲ್ಲಿ, ಜಂತುಹುಳುವಿನ ಔಷಧಿ ಕೊಟ್ಟ ವಾರದಲ್ಲಿ, ಪ್ರಯಾಣದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಬೆಳಿಗ್ಗೆ 7, 11, ಮಧ್ಯಾಹ್ನ 3 ಮತ್ತು ಸಂಜೆ 7 ಗಂಟೆಗೆ ತಲಾ 40 ಗ್ರಾಂನಂತೆ ದಿನಕ್ಕೆ 160 ಗ್ರಾಂ ಕೊಡುತ್ತಿದ್ದೀರಿ ಎಂದುಕೊಳ್ಳೋಣ. ಇಲ್ಲಿ ಮಾಡಬೇಕಾದದ್ದು ಮಧ್ಯದ ಎರಡು ಊಟಗಳನ್ನು ಒಂದಾಗಿಸುವುದು. ಮೊದಲ ಎರಡು ದಿನ 11ರ ಊಟವನ್ನು 11.30ಕ್ಕೆ ತಳ್ಳಿ, 3ರ ಊಟವನ್ನು 30 ಗ್ರಾಂಗೆ ಇಳಿಸಿ. ಮುಂದಿನ ಎರಡು ದಿನ 12 ಗಂಟೆಗೆ ತಳ್ಳಿ 20 ಗ್ರಾಂಗೆ ಇಳಿಸಿ. ಆಮೇಲಿನ ಎರಡು ದಿನ 12.30 ಮತ್ತು 10 ಗ್ರಾಂ. ಏಳನೆಯ ದಿನದಿಂದ ನಡುಹಗಲ ಊಟ 1 ಗಂಟೆಗೆ ನಿಲ್ಲುತ್ತದೆ, 3ರ ಊಟ ಇರುವುದಿಲ್ಲ. ಪ್ರತಿ ಸಲ ಕಡಿಮೆ ಮಾಡಿದ ಹತ್ತು ಗ್ರಾಂ ಉಳಿದ ಮೂರು ಹೊತ್ತಿಗೆ ಹಂಚಿಹೋಗಬೇಕು. ವಾರದ ಕೊನೆಗೆ ಪ್ರತಿ ಹೊತ್ತೂ ಸುಮಾರು 53 ಗ್ರಾಂ, ದಿನದ ಒಟ್ಟು ಮೊದಲಿನಂತೆಯೇ 160 ಗ್ರಾಂ. ನಡುವೆ ಮಲ ಸಡಿಲವಾದರೆ ಹಿಂದಿನ ಮೆಟ್ಟಿಲಿಗೆ ಮರಳಿ ಎರಡು ದಿನ ಅಲ್ಲಿಯೇ ನಿಲ್ಲಿ.

ಬಟ್ಟಲನ್ನು ಹದಿನೈದು ಇಪ್ಪತ್ತು ನಿಮಿಷ ಮುಂದಿಟ್ಟು, ಉಳಿದದ್ದನ್ನು ಎತ್ತಿಬಿಡಿ. ದಿನವಿಡೀ ಆಹಾರ ಬಟ್ಟಲಲ್ಲೇ ಬಿದ್ದಿದ್ದರೆ ಮರಿ ಯಾವಾಗ ಊಟ ಬಿಟ್ಟಿತು ಎಂಬುದೇ ನಮಗೆ ತಿಳಿಯುವುದಿಲ್ಲ, ಕಾಯಿಲೆಯ ಮೊದಲ ಸೂಚನೆ ಹಲವು ಬಾರಿ ಊಟ ಬಿಡುವುದೇ ಆಗಿರುತ್ತದೆ. ನೀರಿಗೆ ಮಾತ್ರ ಈ ನಿಯಮ ಅನ್ವಯಿಸದು. ಅದು ಹಗಲೆಲ್ಲ ಸಿಗುತ್ತಿರಬೇಕು.

ನಿಗದಿತ ಹೊತ್ತಿನ ಊಟದಿಂದ ಮತ್ತೊಂದು ಲಾಭವಿದೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದರಿಂದ ಮರಿಗಳು ಸಾಮಾನ್ಯವಾಗಿ ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ ಮಲವಿಸರ್ಜನೆ ಮಾಡುತ್ತವೆ. ಹೊತ್ತು ಬದಲಾದರೆ ಹೊರಗೆ ಕರೆದೊಯ್ಯುವ ಹೊತ್ತೂ ಬದಲಾಗಬೇಕು. ಮೂರು ಹೊತ್ತಿಗೆ ಇಳಿಸಿದ ವಾರದಲ್ಲಿ ಮರಿ ಮತ್ತೆ ಮನೆಯೊಳಗೆ ಗಲೀಜು ಮಾಡತೊಡಗಿತು ಎಂದು ದೂರುವವರು, ಊಟದ ಗಂಟೆಯನ್ನು ಬದಲಿಸಿ ಹೊರಗೆ ಬಿಡುವ ಗಂಟೆಯನ್ನು ಹಳೆಯದಾಗಿಯೇ ಉಳಿಸಿಕೊಂಡಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಪುಟ್ಟ ತಳಿಯ ಮರಿಗಳಿಗೆ ಆತುರ ಬೇಡ

ಚಿವಾವಾ, ಪೊಮೆರೇನಿಯನ್, ಯಾರ್ಕ್‌ಷೈರ್ ಟೆರಿಯರ್‌ನಂತಹ ಪುಟ್ಟ ತಳಿಗಳ ವಿಷಯ ಬೇರೆ. ಅವುಗಳ ಯಕೃತ್ತಿನಲ್ಲಿ ಸಂಗ್ರಹವಾಗುವ ಸಕ್ಕರೆಯ ಅಂಶ ತೀರ ಕಡಿಮೆ. ಹೀಗಾಗಿ ಊಟಗಳ ನಡುವಿನ ಅಂತರ ಹೆಚ್ಚಾದರೆ ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಇವಕ್ಕೆ ನಾಲ್ಕು ತಿಂಗಳವರೆಗೂ ನಾಲ್ಕು ಹೊತ್ತು ಮುಂದುವರಿಸುವುದು, ಅದರಲ್ಲಿ ಕೊನೆಯ ಊಟವನ್ನು ಮಲಗುವ ಸಮಯಕ್ಕೆ ಹತ್ತಿರವಾಗಿ ಇಡುವುದು ಸುರಕ್ಷಿತ. ಮರಿ ನಡುಗುತ್ತಿದ್ದರೆ, ತೂರಾಡುತ್ತಿದ್ದರೆ, ಎಬ್ಬಿಸಿದರೂ ಏಳದಷ್ಟು ಮಂಕಾಗಿದ್ದರೆ ಸಕ್ಕರೆಯ ಪಾಕವನ್ನೋ ಜೇನುತುಪ್ಪವನ್ನೋ ಬೆರಳಿನಿಂದ ಒಸಡಿಗೆ ಸವರಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ನುಂಗಲಾಗದ ಮರಿಯ ಬಾಯಿಗೆ ಏನನ್ನೂ ಸುರಿಯಬಾರದು.

ನಾಲ್ಕನೆಯ ಹೆಜ್ಜೆ: ತೂಕ ನೋಡಿ, ಅದಕ್ಕಿಂತ ಹೆಚ್ಚಾಗಿ ಪಕ್ಕೆ ಮುಟ್ಟಿ ನೋಡಿ

ನಾಲ್ಕು ತಿಂಗಳವರೆಗೆ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ, ಬೆಳಗಿನ ಊಟಕ್ಕೆ ಮುಂಚೆ ಮರಿಯ ತೂಕ ನೋಡಿ ಬರೆದಿಡಿ. ಮರಿಯನ್ನು ಎತ್ತಿಕೊಂಡು ನೀವು ತೂಕದ ಯಂತ್ರದ ಮೇಲೆ ನಿಂತು, ಬಂದ ಅಂಕಿಯಿಂದ ನಿಮ್ಮ ತೂಕವನ್ನು ಕಳೆದರೆ ಸಾಕು. ತೀರ ಚಿಕ್ಕ ಮರಿಯಾದರೆ ಈ ಲೆಕ್ಕದಲ್ಲಿ ನೂರಿನ್ನೂರು ಗ್ರಾಂ ಏರುಪೇರು ಬರುವುದರಿಂದ ಅಡುಗೆಮನೆಯ ತಕ್ಕಡಿಯ ಮೇಲೆ ಒಂದು ಬುಟ್ಟಿಯಿಟ್ಟು ತೂಗುವುದು ಮೇಲು.

ಆದರೆ ತೂಕ ಹೇಳುವುದು ಅರ್ಧ ಮಾತ್ರ. ಮರಿ ನಿಂತಿರುವಾಗ ಎರಡೂ ಹೆಬ್ಬೆರಳನ್ನು ಬೆನ್ನಿನ ಮೇಲಿಟ್ಟು, ಉಳಿದ ಬೆರಳುಗಳನ್ನು ಪಕ್ಕೆಯ ಮೇಲೆ ಹಗುರವಾಗಿ ಆಡಿಸಿ. ಒತ್ತುವ ಅಗತ್ಯವಿಲ್ಲದೆ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸುವಂತಿರಬೇಕು, ಆದರೆ ಅವು ಕಣ್ಣಿಗೆ ಎದ್ದು ಕಾಣಬಾರದು. ಇದನ್ನು ಅಂದಾಜು ಮಾಡಲು ನಿಮ್ಮ ಕೈಯೇ ಅಳತೆಗೋಲು. ಮುಷ್ಟಿ ಬಿಗಿಹಿಡಿದಾಗ ಗೆಣ್ಣುಗಳು ಬೆರಳಿಗೆ ಸಿಗುವಂತೆ ಪಕ್ಕೆಲುಬು ಸಿಕ್ಕರೆ ಮರಿ ಸಣಕಲಾಗಿದೆ. ಚಾಚಿದ ಅಂಗೈಯ ಹಿಂಬದಿಯನ್ನು ಸವರಿದಂತೆ ಇದ್ದರೆ ಹದವಾಗಿದೆ. ಅಂಗೈಯ ದಪ್ಪಭಾಗವನ್ನು ಒತ್ತಿದಂತೆ ಇದ್ದರೆ ಕೊಬ್ಬು ಹೆಚ್ಚಾಗಿದೆ. ಮೇಲಿನಿಂದ ನೋಡಿದರೆ ಪಕ್ಕೆಯ ಹಿಂದೆ ಸೊಂಟ ಒಳಸೇರಿರಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ಪಶುವೈದ್ಯರು ಬಳಸುವ ಒಂಬತ್ತು ಅಂಕಗಳ ಅಳತೆಯಲ್ಲಿ ಇದು ನಾಲ್ಕು ಅಥವಾ ಐದಕ್ಕೆ ಸಮ. ಪಕ್ಕೆ ತೆಳ್ಳಗಿದ್ದು ಹೊಟ್ಟೆ ಮಾತ್ರ ಗುಡಾಣದಂತೆ ಉಬ್ಬಿದ್ದರೆ ಅದು ಊಟ ಹೆಚ್ಚಾದ ಲಕ್ಷಣವಲ್ಲ. ಜಂತುಹುಳುವಿನ ಅನುಮಾನ ಪಡಬೇಕು.

ಮರಿ ಸಣಕಲಾಗಿದ್ದರೆ ದಿನದ ಒಟ್ಟು ಪ್ರಮಾಣವನ್ನು ಹತ್ತನೇ ಒಂದು ಭಾಗದಷ್ಟು ಏರಿಸಿ, ದಪ್ಪವಾಗುತ್ತಿದ್ದರೆ ಅಷ್ಟೇ ಇಳಿಸಿ, ಎರಡು ವಾರ ಕಾದು ಮತ್ತೆ ಪಕ್ಕೆ ಮುಟ್ಟಿ ನೋಡಿ. ಮರಿ ಬಟ್ಟಲು ನೆಕ್ಕಿ ನಿಮ್ಮ ಮುಖವನ್ನೇ ನೋಡುತ್ತ ನಿಂತಿದೆ ಎಂಬುದನ್ನು ಮಾತ್ರ ಸಾಕ್ಷಿಯಾಗಿ ಸ್ವೀಕರಿಸಬೇಡಿ. ಲ್ಯಾಬ್ರಡಾರ್ ಮರಿಯೊಂದು ಆ ನೋಟವನ್ನು ಹೊಟ್ಟೆ ಬಿರಿಯೆ ತಿಂದ ಮೇಲೂ ಬೀರಬಲ್ಲದು.

ದುಂಡಗಿರುವ ಮರಿಯೇ ಆರೋಗ್ಯವಂತ ಮರಿ ಎಂಬ ನಂಬಿಕೆ ಬಲವಾಗಿದೆ, ಅದು ಸರಿಯಲ್ಲ. ಸಾಕುಪ್ರಾಣಿಗಳ ಆಹಾರ ತಯಾರಿಸುವ ಪುರಿನಾ ಸಂಸ್ಥೆಯ ವಿಜ್ಞಾನಿಗಳು 48 ಲ್ಯಾಬ್ರಡಾರ್ ನಾಯಿಗಳನ್ನು ಎಂಟು ವಾರದ ವಯಸ್ಸಿನಿಂದ ಜೀವನಪರ್ಯಂತ ಗಮನಿಸಿದ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ತನ್ನ ಜೊತೆಯ ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ತಿಂದು ತೆಳ್ಳಗೆ ಬೆಳೆದ ಗುಂಪಿನ ಮಧ್ಯಮ ಆಯುಸ್ಸು 13 ವರ್ಷವಾಗಿದ್ದರೆ, ಇನ್ನೊಂದು ಗುಂಪಿನದು 11.2 ವರ್ಷವಾಗಿತ್ತು. ತೆಳ್ಳಗಿದ್ದವುಗಳಿಗೆ ಕೀಲು ಸವೆತವೂ ತಡವಾಗಿ ಬಂದಿತು. ಇದನ್ನು ಓದಿ ಮರಿಯನ್ನು ಉಪವಾಸ ಕೆಡವಬೇಕೆಂದಲ್ಲ, ಪಕ್ಕೆ ಹದವಾಗಿರುವಾಗ ಇನ್ನಷ್ಟು ಬಡಿಸುವ ಆಸೆಯನ್ನು ತಡೆಯಬೇಕೆಂದು ಅರ್ಥ.

ದೊಡ್ಡ ತಳಿಗಳು: ಬೇಗ ಬೆಳೆಸುವುದೇ ಅಪಾಯ

ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ರಾಟ್‌ವೈಲರ್‌ನಂತಹ ತಳಿಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಅತಿಯಾದ ಕ್ಯಾಲೊರಿಯಿಂದ ದೇಹ ಬೇಗ ಭಾರವಾಗುತ್ತದೆ, ಇನ್ನೂ ಎಳಸಾಗಿರುವ ಮೂಳೆ ಮತ್ತು ಮೃದ್ವಸ್ಥಿ ಆ ಭಾರವನ್ನು ಹೊರಬೇಕಾಗುತ್ತದೆ. ಸೊಂಟದ ಕೀಲಿನ ದೋಷ, ಭುಜ ಮತ್ತು ಮೊಣಕೈ ಕೀಲುಗಳ ತೊಂದರೆ ಹೀಗೆ ಉಲ್ಬಣಿಸುತ್ತವೆ. ದೊಡ್ಡ ತಳಿಯ ಮರಿಗಳಿಗೆಂದೇ ತಯಾರಾದ ಆಹಾರದಲ್ಲಿ ಕ್ಯಾಲ್ಸಿಯಂ ಅನ್ನು ಅಳೆದು ಹಾಕಿರುತ್ತಾರೆ. ಅದರ ಮೇಲೆ ಕ್ಯಾಲ್ಸಿಯಂ ಮಾತ್ರೆಯನ್ನೋ ದ್ರಾವಣವನ್ನೋ ನಾವಾಗಿ ಸೇರಿಸುವುದು ಒಳ್ಳೆಯ ಉದ್ದೇಶದ ಹಾನಿ. ಬೆಳೆದ ನಾಯಿ ಬೇಡದ ಕ್ಯಾಲ್ಸಿಯಂ ಅನ್ನು ಹೀರದೆ ಬಿಡಬಲ್ಲದು, ಎಳೆಯ ಮರಿಯ ಕರುಳಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ. ಮನೆಯಲ್ಲೇ ಅಡುಗೆ ಮಾಡಿ ಹಾಕುವವರಿಗೆ ಇದರ ತದ್ವಿರುದ್ಧ ಸಮಸ್ಯೆ ಎದುರಾಗುತ್ತದೆ. ಬರಿಯ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಬಹಳ ಕಡಿಮೆ. ಅಂತಹ ಊಟವನ್ನೇ ತಿಂಗಳುಗಟ್ಟಲೆ ಕೊಟ್ಟರೆ ಮೂಳೆಗಳು ಟೊಳ್ಳಾಗುತ್ತವೆ. ಮರಿಗೆ ಮನೆಯಡುಗೆ ಕೊಡಲೇಬೇಕೆಂದರೆ ಪಶು ಪೋಷಣಾ ತಜ್ಞರಿಂದ ಪಾಕಪಟ್ಟಿ ಬರೆಸಿಕೊಳ್ಳುವುದೊಂದೇ ದಾರಿ.

ಐದನೆಯ ಹೆಜ್ಜೆ: ಹಲ್ಲು ಬೀಳುವ ತಿಂಗಳುಗಳನ್ನು ದಾಟುವುದು

ನಾಲ್ಕನೆಯ ತಿಂಗಳಿನಿಂದ ಸುಮಾರು ಏಳನೆಯ ತಿಂಗಳವರೆಗೆ 28 ಹಾಲುಹಲ್ಲುಗಳು ಬಿದ್ದು 42 ಶಾಶ್ವತ ಹಲ್ಲುಗಳು ಬರುತ್ತವೆ. ಒಸಡು ನೋಯುವ ದಿನಗಳಲ್ಲಿ ಮರಿ ಗಟ್ಟಿ ಕಾಳನ್ನು ಬಾಯಿಗೆ ಹಾಕಿಕೊಂಡು ಉಗುಳುವುದುಂಟು. ಹಸಿವು ಕಡಿಮೆಯಾಗಿದೆ ಎಂದು ತಿಳಿದು ಹೊತ್ತನ್ನು ಕಡಿಮೆ ಮಾಡಬೇಡಿ. ಅದೇ ತೂಕದ ಆಹಾರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಕೊಟ್ಟರೆ ಹೆಚ್ಚಿನವು ತಿನ್ನುತ್ತವೆ. ನೆನೆಸಿದ್ದು ಉಳಿದರೆ ಎಸೆಯಿರಿ, ಮುಂದಿನ ಹೊತ್ತಿಗೆ ಇಡಬೇಡಿ. ನೀರಿನ ಬದಲು ಹಾಲು ಬಳಸುವುದು ಬೇಡ, ತಾಯಿಯ ಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗುವುದರಿಂದ ಹಲವು ಮರಿಗಳಿಗೆ ಭೇದಿಯಾಗುತ್ತದೆ.

ಆರನೆಯ ಹೆಜ್ಜೆ: ಮೂರರಿಂದ ಎರಡಕ್ಕೆ

ಆರು ತಿಂಗಳ ಆಸುಪಾಸಿನಲ್ಲಿ ನಡುಹಗಲ ಊಟವನ್ನು ಮೇಲೆ ಹೇಳಿದ ರೀತಿಯಲ್ಲೇ ಒಂದು ವಾರದಲ್ಲಿ ಕರಗಿಸಿ, ಅದರ ಪಾಲನ್ನು ಬೆಳಿಗ್ಗೆ ಮತ್ತು ಸಂಜೆಗೆ ಹಂಚಿ. ಈ ಹಂತದಲ್ಲಿ ಕೆಲವು ಮರಿಗಳು ಬೆಳಗಿನ ಜಾವ ಹಳದಿ ನೊರೆಯನ್ನು ಕಕ್ಕುತ್ತವೆ. ಹೊಟ್ಟೆ ಬಹಳ ಹೊತ್ತು ಖಾಲಿಯಿದ್ದು ಪಿತ್ತರಸ ಮೇಲೆ ಬಂದಿರುವುದು ಇದಕ್ಕೆ ಸಾಮಾನ್ಯ ಕಾರಣ. ಸಂಜೆಯ ಊಟವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿ, ಅಥವಾ ಸಂಜೆಯ ಪಾಲಿನಿಂದ ಒಂದು ಸಣ್ಣ ಹಿಡಿಯನ್ನು ತೆಗೆದಿಟ್ಟು ಮಲಗುವ ಮುಂಚೆ ಕೊಡಿ. ಅದಕ್ಕೂ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಎರಡಕ್ಕಿಂತ ಕೆಳಗೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಂತೂ ದಿನಕ್ಕೊಮ್ಮೆ ಭಾರಿ ಊಟವನ್ನು ಗಬಗಬನೆ ತಿನ್ನುವುದು, ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಪ್ರಾಣಾಂತಿಕ ಸ್ಥಿತಿಗೆ ಎಡೆಮಾಡುವ ಕಾರಣಗಳಲ್ಲೊಂದು. ಇಂತಹ ನಾಯಿಗೆ ಎರಡು ಹೊತ್ತಿನ ಊಟವನ್ನು ಕೊನೆಯವರೆಗೂ ಮುಂದುವರಿಸಿ, ಊಟವಾದೊಡನೆ ಓಡಿಸುವುದನ್ನು ಬಿಡಿ, ಆತುರದಿಂದ ತಿನ್ನುವುದಾದರೆ ಒಳಗೆ ಉಬ್ಬುತಗ್ಗುಗಳಿರುವ ಬಟ್ಟಲನ್ನು ಬಳಸಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಇದೇ ಅವಧಿಯಲ್ಲಿ ನಡೆದರೆ ಒಟ್ಟು ಪ್ರಮಾಣವನ್ನು ಮತ್ತೊಮ್ಮೆ ಲೆಕ್ಕ ಹಾಕಬೇಕು. ಶಸ್ತ್ರಚಿಕಿತ್ಸೆಯ ನಂತರ ಶಕ್ತಿಯ ಅಗತ್ಯ ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಹೊತ್ತನ್ನು ಮುಟ್ಟದೆ ಗ್ರಾಂ ಮಾತ್ರ ಕಡಿಮೆ ಮಾಡಬೇಕಾದ ಸಂದರ್ಭ ಇದು.

ಯಾವಾಗ ವೇಳಾಪಟ್ಟಿಯನ್ನು ಬದಿಗಿಟ್ಟು ವೈದ್ಯರಿಗೆ ಕರೆ ಮಾಡಬೇಕು

ಚುರುಕಾಗಿ ಆಡುತ್ತಿರುವ ಮರಿ ಒಂದು ಹೊತ್ತು ಊಟ ಬಿಟ್ಟರೆ ಕಾದು ನೋಡಬಹುದು. ಊಟ ಬಿಟ್ಟಿರುವುದರ ಜೊತೆಗೆ ವಾಂತಿ, ರಕ್ತ ಬೆರೆತ ಭೇದಿ, ಮಂಕುತನ ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ತೋರಿಸಬೇಕು. ಲಸಿಕೆಗಳು ಪೂರ್ತಿಯಾಗದ ಮರಿಯಲ್ಲಿ ಇವು ಪಾರ್ವೊ ವೈರಸ್ ಸೋಂಕಿನ ಲಕ್ಷಣವಾಗಿರಬಹುದು, ಅಲ್ಲಿ ಗಂಟೆಗಳ ಲೆಕ್ಕ ಮುಖ್ಯವಾಗುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯ ಬದಲು ಬಳಸುವ ಕ್ಸೈಲಿಟಾಲ್ ಹಾಕಿದ ಸಿಹಿ ಪದಾರ್ಥಗಳನ್ನು ತಿಂದಿದ್ದರೆ ಲಕ್ಷಣ ಕಾಣುವವರೆಗೆ ಕಾಯಬಾರದು.

ಕೊನೆಯ ಹೆಜ್ಜೆ: ಮರಿಯ ಆಹಾರದಿಂದ ದೊಡ್ಡ ನಾಯಿಯ ಆಹಾರಕ್ಕೆ

ಪುಟ್ಟ ತಳಿಗಳು ಒಂಬತ್ತರಿಂದ ಹನ್ನೆರಡು ತಿಂಗಳಿಗೆ, ದೊಡ್ಡ ತಳಿಗಳು ಹನ್ನೆರಡರಿಂದ ಹದಿನೆಂಟು ತಿಂಗಳಿಗೆ, ದೈತ್ಯ ತಳಿಗಳು ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳಿಗೆ ಬೆಳವಣಿಗೆ ಮುಗಿಸುತ್ತವೆ. ಸತತ ಎರಡು ಮೂರು ತಿಂಗಳು ತೂಕ ಒಂದೇ ಮಟ್ಟದಲ್ಲಿ ನಿಂತರೆ ಆಹಾರ ಬದಲಿಸಲು ತೊಡಗಬಹುದು. ಎರಡು ಮೂರು ದಿನ ಕಾಲುಭಾಗ ಹೊಸದು, ಮುಂದಿನ ಎರಡು ಮೂರು ದಿನ ಅರ್ಧ, ಆಮೇಲೆ ಮುಕ್ಕಾಲು ಎಂದು ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಿಸಿ. ಈ ಹತ್ತು ದಿನಗಳಲ್ಲಿ ಊಟದ ಹೊತ್ತನ್ನು ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಬದಲಿಸಿದ ವಾರ ಭೇದಿಯಾದರೆ ಯಾವುದರಿಂದ ಆಯಿತೆಂದು ಹೇಳಲು ಬರುವುದಿಲ್ಲ. ಹೊಸ ಪೊಟ್ಟಣದಲ್ಲಿ 100 ಗ್ರಾಂಗೆ ಎಷ್ಟು ಕಿಲೋಕ್ಯಾಲೊರಿ ಇದೆ ಎಂದು ನೋಡಿ, ಡಬ್ಬಿಗೆ ಹಾಕುವ ತೂಕವನ್ನು ಅದಕ್ಕೆ ತಕ್ಕಂತೆ ಮತ್ತೆ ಲೆಕ್ಕ ಹಾಕಿಕೊಳ್ಳಿ. ಹಳೆಯ ಆಹಾರದ ಗ್ರಾಂ ಅನ್ನೇ ಹೊಸದಕ್ಕೂ ಮುಂದುವರಿಸಬೇಡಿ.